ಮೂಕಿ ಚಿತ್ರಕ್ಕೆ ಅರ್ಥ ಹೇಳಿದ್ದು

ಗಂಟಲಿನ ಆಪರೇಷನ್ ಆದ ಮೇಲೆ ನನ್ನ ಅಣ್ಣನಿಗೆ ಎದುರು ಮಾತಾಡುವವರೇ ಇಲ್ಲವಾದರು. ಅವನು ಕಳೆದುಕೊಂಡದ್ದು ಸ್ವರವನ್ನು. ಅದನ್ನು ಹೇಗೋ ತಡೆದುಕೊಂಡ. ಅವನು ಏನು ಹೇಳಿದರೂ ಊರಿಗೆ ಊರೇ ಹೌದು ಹೌದೆಂದು ತಲೆಯಾಡಿಸತೊಡಗಿತಲ್ಲ, ಅದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

ಅಣ್ಣಯ್ಯ ತಾಳಮದ್ದಳೆಯ ಅರ್ಥಧಾರಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಶಾಲಿನಲ್ಲಿ ಜಮಖಾನದ ಮೇಲೆ ಕುಳಿತವರು ಕಥೆಯ ಪಾತ್ರಗಳಾಗಿ, ಏನೂ ಬರೆದುಕೊಳ್ಳದೆ, ವಾದ ಮಾಡುತ್ತಾರೆ. ಇದಕ್ಕೆ ಅರ್ಥ ಹೇಳುವುದು ಅನ್ನುತ್ತೇವೆ. ಕಥೆಯಲ್ಲಿ ಸೋಲುವವನು ವಾದದಲ್ಲಿ ಗೆಲ್ಲಬಹುದು. ಆದರೆ ಕಡೆಗೆ ಕಥೆ, ನಾವು ಪ್ರಸಂಗ ಅನ್ನುವುದು, ಇದ್ದ ಹಾಗೆಯೇ ಮುಗಿಯಬೇಕು. ಸಾಯಬೇಕಾದವನು ಎಷ್ಟು ಚೆಂದ ಮಾತಾಡಿದರೂ ಸಾಯಲೇಬೇಕು. ಬೈಂದೂರಿನಲ್ಲಿ ಜವಳಿ ಅಂಗಡಿ ಇಟ್ಟುಕೊಂಡ ಅಣ್ಣಯ್ಯನಿಗೆ ಅಂಗಡಿ ಹೊಟ್ಟೆಪಾಡಾದರೆ, ಎದುರು ಕೂತವನನ್ನು ಮಾತಿನಲ್ಲಿ ಕಟ್ಟಿಹಾಕುವುದೇ ಜೀವನ.

ಅಂಥವನ ಗಂಟಲಿಗೆ ಡಾಕ್ಟರು ಕತ್ತಿ ಹಾಕಬೇಕಾಯಿತು. ಜೀವ ಉಳಿಯಿತು, ಸ್ವರಪೆಟ್ಟಿಗೆ ಹೋಯಿತು. ಅಲ್ಲಿಂದ ಎಲ್ಲರೂ ಒಳ್ಳೆಯವರಾದರು. ಅಂಗಡಿಗೆ ಬಂದ ಹೆಂಗಸರು ಚೌಕಾಸಿ ಮಾಡುವುದನ್ನೇ ಬಿಟ್ಟರು. ಅವನು ಬೆರಳಲ್ಲಿ ತೋರಿಸಿದ ಕ್ರಯಕ್ಕೆ ಸೀರೆ ತೆಗೆದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹೋದರು. ವ್ಯಾಪಾರ ಏರಿತು, ಅಣ್ಣಯ್ಯ ಸೊರಗಿದ. ಒಮ್ಮೆ ಪರೀಕ್ಷೆ ಮಾಡೋಣವೆಂದು ಪಕ್ಕದ ಮನೆಯವರಿಗೆ, ಸಮುದ್ರ ಇರುವುದು ಪೂರ್ವಕ್ಕೆ ಎಂದು ಕೈ ತೋರಿಸಿ ಹೇಳಿದನಂತೆ. ಅವರು ಸ್ವಲ್ಪ ಯೋಚಿಸಿ, "ಹೌದ್, ಒಂದ್ ಲೆಕ್ಕದಲ್ಲ್ ಕಂಡ್ರೆ ಹಾಂಗೇ" ಅಂದರಂತೆ. ಆ ದಿನ ಅಣ್ಣಯ್ಯ ಊಟ ಮಾಡಲಿಲ್ಲ.

ಎಲ್ಲರಿಗಿಂತ ಹೆಚ್ಚು ನೋವು ಕೊಟ್ಟವರು ಬ್ರಹ್ಮಾವರದ ಮಾಷ್ಟ್ರು. ಹೈಸ್ಕೂಲಿನಿಂದ ನಿವೃತ್ತರಾದ ಇವರು ಅಣ್ಣಯ್ಯನ ಕಾಯಂ ಎದುರಾಳಿ. ಇವನು ನಾಯಕನಾದರೆ ಅವರು ಖಳ, ಇವನು ಖಳನಾದರೆ ಅವರು ನಾಯಕ. ತಾಳಮದ್ದಳೆಯ ಕೂಟವಿದ್ದ ದಿನ ಇಬ್ಬರೂ ಒಂದೇ ಮೇಜಿನಲ್ಲಿ ಚಾ ಸಹ ಕುಡಿಯುತ್ತಿರಲಿಲ್ಲ. ಇಂಥ ಮಾಷ್ಟ್ರು ಆಸ್ಪತ್ರೆಗೆ ಒಂದು ಚಿಪ್ಪು ಬಾಳೆಹಣ್ಣು ತಂದು, ಮಂಚದ ಬದಿಯಲ್ಲಿ ಕೂತು ಅತ್ತು, "ಹ್ವಾಯ್, ಆವತ್ತ್ ಸಾಲಿಗ್ರಾಮದ ಕೂಟದಲ್ಲ್ ಗೆದ್ದದ್ದ್ ನೀವೇ" ಎಂದುಬಿಟ್ಟರು. ಅಣ್ಣಯ್ಯ ಗೋಡೆಯ ಕಡೆ ತಿರುಗಿ ಮಲಗಿದ. ಮರುದಿನದಿಂದ ಅವರನ್ನು ಒಳಗೆ ಬಿಡಬೇಡಿ ಎಂದು ನರ್ಸಿಗೆ ಸನ್ನೆ ಮಾಡಿ ಹೇಳಿದ.

ಮಾತಾಡಲು ಅವನಿಗೆ ಒಂದು ಯಂತ್ರ ಕೊಟ್ಟಿದ್ದರು. ಸಣ್ಣ ಟಾರ್ಚಿನಷ್ಟಿರುವ ಅದನ್ನು ಕುತ್ತಿಗೆಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಏರಿಲ್ಲ, ಇಳಿವಿಲ್ಲ, ಸಿಟ್ಟಿಲ್ಲ, ಪ್ರೀತಿಯಿಲ್ಲ. ಎಲ್ಲವೂ ಒಂದೇ ಝೇಂಕಾರ. ಅದನ್ನು ಹಿಡಿದು ಒಮ್ಮೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಫೋನ್ ಮಾಡಿದ್ದ. ಆ ಕಡೆ ರೆಕಾರ್ಡ್ ಮಾಡಿದ ಹೆಣ್ಣಿನ ದನಿ, ಈ ಕಡೆ ಅಣ್ಣಯ್ಯನ ಯಂತ್ರ. ಇಬ್ಬರೂ ಬಹಳ ಹೊತ್ತು ಮಾತಾಡಿದರು, ಒಬ್ಬರಿಗೆ ಇನ್ನೊಬ್ಬರು ಅರ್ಥವಾಗಲಿಲ್ಲ. ಫೋನಿಟ್ಟವನು ಇನ್ನು ಜನರೆದುರು ಇದನ್ನು ಹಿಡಿಯುವುದಿಲ್ಲವೆಂದು ಶಪಥ ಮಾಡಿದ. ಕೂಟಗಳಿಗೆ ಹೋಗುವುದನ್ನೂ ಬಿಟ್ಟ. ತುಟಿ ಆಡಿಸಿ, ಕೈ ಮಾಡಿ ಹೇಳಿದ್ದನ್ನು ನಾವು ಓದಿಕೊಳ್ಳುತ್ತಿದ್ದೆವು. ಓದಿಕೊಂಡು, ಒಪ್ಪಿಕೊಳ್ಳುತ್ತಿದ್ದೆವು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನ್ನನ್ನು ಪ್ರಿನ್ಸಿಪಾಲರೇ ಒಂದು ಕೈ ದೂರ ಇಟ್ಟಿದ್ದಾರೆ. ಅಂಥ ತಂಗಿಯಾದ ನಾನೂ ಅಣ್ಣಯ್ಯನೆದುರು ಎರಡು ವರ್ಷ ಬಾಯಿ ಮುಚ್ಚಿಕೊಂಡು ಇದ್ದೆ. ಅತ್ತಿಗೆ ಹಾಗೆ ಕಟ್ಟಪ್ಪಣೆ ಮಾಡಿದ್ದರು. ಅವನಿಗೆ ಸಿಟ್ಟು ಬರಿಸಬಾರದು, ಗಂಟಲಿಗೆ ಆಗುವುದಿಲ್ಲ.

ಹೀಗಿರುವಾಗ ಕುಂದಾಪುರದ ಚಿತ್ರ ಸಂಘದ ಕಾರ್ಯದರ್ಶಿ ನನಗೆ ಗಂಟುಬಿದ್ದ. ಅವನು ವಿಮೆ ಏಜೆಂಟ್. ಯಾರಿಂದಲೂ ಇಲ್ಲವೆಂದು ಹೇಳಿಸಿಕೊಂಡು ಗೊತ್ತಿಲ್ಲ. ನೂರು ವರ್ಷದ ಹಿಂದಿನ ಒಂದು ಫ್ರೆಂಚ್ ಮೂಕಿ ಚಿತ್ರ ತೋರಿಸುತ್ತಾನಂತೆ; ಆಮೇಲೆ ನಾನು ಅದರಲ್ಲಿರುವ ರಾಜಕೀಯ ಮತ್ತು ಗುರುತಿನ ಪ್ರಶ್ನೆಗಳನ್ನು ವಿಮರ್ಶೆ ಮಾಡಬೇಕಂತೆ. ಒಪ್ಪಿದೆ. ಹಾಳೆಗಟ್ಟಲೆ ಬರೆದೂ ಇಟ್ಟೆ. ಅಣ್ಣಯ್ಯನನ್ನು ಬಾ ಅಂದಾಗ ಮೊದಲು ತಲೆ ಅಲ್ಲಾಡಿಸಿದ. ಆಮೇಲೆ ಏನೋ ಹೊಳೆದು ತುಟಿಯಲ್ಲೇ ಹೇಳಿದ: "ಮಾತೇ ಇಲ್ದಿದ್ದ್ ಸಿನೆಮಾ ಅಲ್ದಾ? ಬತ್ತೆ."

ಇದನ್ನು ಏಜೆಂಟನಿಗೆ ಹೇಳಬಾರದಿತ್ತು. ಅವನು ವಾಟ್ಸಾಪಿನಲ್ಲಿ ಚಿತ್ರದ ವಿವರ ಹಾಕಿ, ಕೆಳಗೆ ಅಣ್ಣಯ್ಯನ ಹೆಸರು ಹಾಕಿ 'ಉಪಸ್ಥಿತರಿರುತ್ತಾರೆ' ಎಂದು ಸೇರಿಸಿದ. ಮಾಮೂಲಾಗಿ ಸಂಘದ ಸಿನೆಮಾಕ್ಕೆ ಬರುವವರನ್ನು ಒಂದು ಆಟೋದಲ್ಲಿ ಕೂರಿಸಬಹುದು. ಆ ಭಾನುವಾರ ಮಧ್ಯಾಹ್ನ ಮೀನು ಮಾರ್ಕೆಟಿನ ಹಿಂದಿನ ಹಾಲ್ ತುಂಬಿ, ಜನ ಕಿಟಕಿಯಲ್ಲೂ ನಿಂತಿದ್ದರು. ಕೋಟದವರು, ಸಾಲಿಗ್ರಾಮದವರು, ಅಮಾಸೆಬೈಲಿನಿಂದ ಜೀಪು ಮಾಡಿಕೊಂಡು ಬಂದವರು. ಎಲ್ಲರೂ ಬಂದದ್ದು ಅಣ್ಣಯ್ಯನ ಕೂಟಕ್ಕೆ. ಹಾಲ್ ನೋಡಿಕೊಳ್ಳುವವನು ಜನ ಕಂಡದ್ದೇ ಅಭ್ಯಾಸಬಲದಿಂದ ವೇದಿಕೆಗೆ ಜಮಖಾನ ಹಾಸಿ, ಗಿಡ್ಡ ಮೈಕುಗಳನ್ನು ಇಟ್ಟು, ಲೋಟದಲ್ಲಿ ನೀರು ತುಂಬಿಸಿಟ್ಟಿದ್ದ. ಸಿನೆಮಾದ ಪರದೆ ಜಮಖಾನದ ಹಿಂದೆ. ಅಂದರೆ ಜಮಖಾನದಲ್ಲಿ ಕೂತವರ ಬೆನ್ನು ಫ್ರಾನ್ಸಿಗೆ. ಅಲ್ಲಿ ಆಗಲೇ ಒಬ್ಬರು ಶಾಲು ಹೊದ್ದು ಕೂತಿದ್ದರು. ಬ್ರಹ್ಮಾವರದ ಮಾಷ್ಟ್ರು. ಹಿರಿಯರೆಲ್ಲ ಸೇರಿ ಅಣ್ಣಯ್ಯನ ಕೈ ಹಿಡಿದು ಕರೆದುಕೊಂಡು ಹೋಗಿ ಅವರ ಎದುರು ಕೂರಿಸಿದರು. ಪಾಪದ ಮನುಷ್ಯನನ್ನು ಪ್ರೇಕ್ಷಕರ ಕುರ್ಚಿಯಲ್ಲಿ ಕೂರಿಸುವುದು ಅವಮಾನವೆಂದು ಅವರ ಲೆಕ್ಕ.

ನಾನು ಎದ್ದು ನಿಂತು ಕಥೆ ಹೇಳಿದೆ. ಫ್ರಾನ್ಸಿನಲ್ಲಿ ಕ್ರಾಂತಿ. ದೊರೆಗಳನ್ನು ಹಿಡಿಹಿಡಿದು ತಲೆ ಕಡಿಯುತ್ತಿದ್ದಾರೆ. ಒಬ್ಬ ದೊರೆ ತಪ್ಪಿಸಿಕೊಳ್ಳಲು ತನ್ನ ರೇಷ್ಮೆ ಬಟ್ಟೆಯನ್ನು ಸಾರೋಟು ಹೊಡೆಯುವ ಬಂಡಿಯವನಿಗೆ ತೊಡಿಸಿ, ಅವನ ಹರಕು ಕೋಟು ತಾನು ಹಾಕಿಕೊಳ್ಳುತ್ತಾನೆ. ಸೇತುವೆಯ ಹತ್ತಿರ ಇಬ್ಬರೂ ಸಿಕ್ಕಿಬೀಳುತ್ತಾರೆ. ನಿಮ್ಮಲ್ಲಿ ದೊರೆ ಯಾರು ಎಂದು ನ್ಯಾಯಾಧಿಕಾರಿ ಕೇಳುತ್ತಾನೆ. ರೇಷ್ಮೆ ತೊಟ್ಟ ಬಂಡಿಯವನು ತಲೆ ಎತ್ತಿ, ನಾನೇ ಅನ್ನುತ್ತಾನೆ. ನಿಜವಾದ ದೊರೆ ನೆಲ ನೋಡುತ್ತಾನೆ. ಬಂಡಿಯವನ ತಲೆ ಹೋಗುತ್ತದೆ. ಕೊನೆಯಲ್ಲಿ ದೊರೆ ಆ ನ್ಯಾಯಾಧಿಕಾರಿಯ ಸಾರೋಟು ಹೊಡೆದುಕೊಂಡು ಹೋಗುತ್ತಾನೆ. ಇಷ್ಟು ಹೇಳಿದ್ದು ತಪ್ಪಾಯಿತು. ನಮ್ಮ ಜನರಿಗೆ ಮೊದಲೇ ಕಥೆ ಗೊತ್ತಾಯಿತೆಂದರೆ ಆಯಿತು, ಉಳಿದದ್ದು ವಾದ ಮಾತ್ರ.

ಚಿತ್ರ ಶುರುವಾಯಿತು. ಫ್ಯಾನಿನ ಶಬ್ದ, ಹೊರಗೆ ಬಸ್ಸಿನ ಹಾರ್ನ್. ಪರದೆಯಲ್ಲಿ ಜನ ಓಡುತ್ತಾರೆ, ಕಿರುಚುತ್ತಾರೆ, ಏನೂ ಕೇಳಿಸುವುದಿಲ್ಲ. ನಡುನಡುವೆ ಕಪ್ಪು ಹಲಗೆಯಲ್ಲಿ ಬಿಳಿ ಅಕ್ಷರ. ಏಜೆಂಟ್ ಮಹಾಶಯ ಕನ್ನಡವೂ ಇಲ್ಲದ ಇಂಗ್ಲಿಷೂ ಇಲ್ಲದ ಬರೀ ಫ್ರೆಂಚಿನ ಪ್ರತಿಯನ್ನು ತಂದಿದ್ದ. ಅಕ್ಷರ ಬಂದಾಗಲೆಲ್ಲ ಸಭೆ ನನ್ನ ಕಡೆ ತಿರುಗುತ್ತಿತ್ತು. ನನಗೇನು ಗೊತ್ತು? ಕಥೆಯನ್ನು ನಾನು ಇಂಗ್ಲಿಷಿನಲ್ಲಿ ಓದಿಕೊಂಡವಳು. ಮೂರನೆಯ ಸಲ ಹಲಗೆ ಬಂದಾಗ ಮಾಷ್ಟ್ರಿಗೆ ತಡೆಯಲಿಲ್ಲ. ಮೈಕು ಹತ್ತಿರ ಎಳೆದುಕೊಂಡು ಶಾಲು ಸರಿಮಾಡಿಕೊಂಡರು.

"ಎಲೈ ಸೈನಿಕರಿರಾ! ಈ ಧರಣೀಮಂಡಲದಲ್ಲಿ ಇನ್ನು ಮುಂದೆ ದೊರೆಯೆಂಬವನಿಲ್ಲ, ದಾಸನೆಂಬವನಿಲ್ಲ. ಇರುವವನು ಪ್ರಜೆಯೊಬ್ಬನೇ. ಯಾರಲ್ಲಿ, ಸೇತುವೆಯನ್ನು ಮುಚ್ಚಿರಿ!"

ಆಗ ಪರದೆಯಲ್ಲಿ ನಿಜವಾಗಿ ಒಬ್ಬಳು ಮುದುಕಿ ಬ್ರೆಡ್ ಕೊಳ್ಳುತ್ತಿದ್ದಳು. ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಸಭೆ ಚಪ್ಪಾಳೆ ಹೊಡೆಯಿತು. ಅಲ್ಲಿಂದ ಫ್ರಾನ್ಸಿನ ಕ್ರಾಂತಿ ಬ್ರಹ್ಮಾವರದ ಕೈಗೆ ಹೋಯಿತು.

ವಿಚಾರಣೆಯ ದೃಶ್ಯ ಬಂತು. ನ್ಯಾಯಾಧಿಕಾರಿ ಬೆರಳು ಚಾಚಿದ. ಬೆನ್ನು ಹಾಕಿ ಕೂತ ಮಾಷ್ಟ್ರು ಅದನ್ನು ಹೇಗೆ ತಿಳಿದರೋ, ಸರಿಯಾಗಿ ಅದೇ ಹೊತ್ತಿಗೆ ಅಣ್ಣಯ್ಯನ ಕಡೆ ಬೆರಳು ಚಾಚಿದರು. "ಹೇಳು! ನಿಮ್ಮಿಬ್ಬರಲ್ಲಿ ದೊರೆ ಯಾರು?" ಪರದೆಯಲ್ಲಿ ಬಂಡಿಯವನು ಬಾಯಿ ತೆರೆದ.

"ಹ್ವಾಯ್, ನಿಲ್ಸಿ ಮಾರಾಯ್ರೆ!" ಹಿಂದಿನಿಂದ ಯಾರೋ ಕೂಗಿದರು. "ಅವ ಉತ್ರ ಕೊಡ್ಕಲ್ದಾ?"

ಏಜೆಂಟ್ ಗಾಬರಿಯಲ್ಲಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಬಂಡಿಯವನು ಬಾಯಿ ತೆರೆದಂತೆಯೇ ನಿಂತುಬಿಟ್ಟ. ಜಗತ್ತಿನಲ್ಲಿ ಇನ್ನೆಲ್ಲೂ ಜನ ಹೀಗೆ ಕ್ರಾಂತಿಯನ್ನು ತಡೆದು ನಿಲ್ಲಿಸಿ, ಮಾತು ಮುಗಿಯಲಿ ಎಂದು ಕಾಯಲಿಕ್ಕಿಲ್ಲ. ಸಭೆ ಅಣ್ಣಯ್ಯನನ್ನು ನೋಡಿತು. ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಯಿತು. "ಪಾಪ, ಅವ್ರಿಗೆ ಆತಿಲ್ಲ, ಬಿಡಿ," ಅಂದರು ಮುಂದಿನ ಸಾಲಿನ ಒಬ್ಬರು. ಪಾಪ ಎಂಬ ಆ ಮಾತು ಅಣ್ಣಯ್ಯನ ಮುಖದ ಮೇಲೆ ಬಿದ್ದದ್ದನ್ನು ನಾನು ಕಂಡೆ. ಅವನು ಅಂಗಿ ಕಿಸೆಗೆ ಕೈ ಹಾಕಿ ಯಂತ್ರ ತೆಗೆದ. ಕುತ್ತಿಗೆಗೆ ಒತ್ತಿ, ಮೈಕಿಗೆ ಬಗ್ಗಿದ.

"ನಾನೇ. ದೊರೆ."

ಮೈಕಿನಲ್ಲಿ ಆ ಝೇಂಕಾರ ಚಾವಣಿಯ ಶೀಟುಗಳನ್ನು ಅದುರಿಸಿತು. ಹೊರಗೆ ಮಲಗಿದ್ದ ನಾಯಿ ಎದ್ದು ಬೊಗಳಿತು. ಎಲ್ಲರೂ ಮಾಷ್ಟ್ರನ್ನು ನೋಡಿದರು. ಅವರಿಗೆ ಕಣ್ಣೀರು ಬರುತ್ತದೆ, ನೀವೇ ದೊರೆ ಎಂದು ಒಪ್ಪಿಬಿಡುತ್ತಾರೆ ಎಂದುಕೊಂಡೆ. ಆದರೆ ಎದುರು ಕೂತವನು ವಾದಕ್ಕೆ ಬಾಯಿ ತೆರೆದಿದ್ದ. ಅವರು ಅರ್ಥಧಾರಿ.

"ಭಲೆ! ದೊರೆಯ ಸ್ವರವೋ ಇದು? ಅರಮನೆಯ ಗಂಟಲೊಳಗೆ ಜೀರುಂಡೆ ಹೊಕ್ಕದ್ದು ಯಾವಾಗ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಮಾಷ್ಟ್ರೆ, ನಾಚ್ಕೆ ಆತಿಲ್ಯಾ ನಿಮ್ಗೆ?" ಎಂದು ಕೂಗಿದೆ. ಅಣ್ಣಯ್ಯ ನನ್ನ ಕಡೆ ತಿರುಗಿದ. ಎರಡು ವರ್ಷದಲ್ಲಿ ಆ ಕಣ್ಣಿನಲ್ಲಿ ನಾನು ಸಿಟ್ಟು ಕಂಡಿರಲಿಲ್ಲ. ಈಗ ಇತ್ತು. ಅದು ನನ್ನ ಮೇಲೆ. ಕೂತ್ಕೋ ಎಂದು ಕೈ ಮಾಡಿ, ಮೈಕಿಗೆ ಬಗ್ಗಿದ.

"ಸ್ವರ ಕೇಳಿ ದೊರೆಯನ್ನು ಆರಿಸುವುದಾದರೆ, ನಿನ್ನ ದೇಶದಲ್ಲಿ ಕೋಗಿಲೆಗೆ ಪಟ್ಟ ಯಾಕೆ ಕಟ್ಟಲಿಲ್ಲ?"

ಹಾಲ್ ಎದ್ದು ಕುಣಿಯಿತು. ಆಮೇಲೆ ನಡೆದದ್ದನ್ನು ಪೂರ್ತಿ ಬರೆಯಲು ನನ್ನಿಂದಾಗದು. ಹುಟ್ಟಿನಿಂದ ದೊರೆಯೋ ಬಟ್ಟೆಯಿಂದ ದೊರೆಯೋ ಎಂದು ಮಾಷ್ಟ್ರು ಕೇಳಿದರು. ಹುಟ್ಟುವಾಗ ಯಾರು ಬಟ್ಟೆ ಹಾಕಿಕೊಂಡಿದ್ದರು ಎಂದು ಅಣ್ಣಯ್ಯ ಕೇಳಿದ. ಎಲ್ಲರೂ ಸಮಾನರಾದರೆ ದೊರೆಯ ತಲೆ ಮಾತ್ರ ಯಾಕೆ ಬೇಕು ಎಂದೂ ಕೇಳಿದ. ಗೋಳಿಬಜೆ ಬಂತು, ಚಾ ಬಂತು, ವಾದ ನಿಲ್ಲಲಿಲ್ಲ. ಮೊದಮೊದಲು ಆ ಯಂತ್ರದ ದನಿ ನನ್ನ ಹಲ್ಲು ಜುಮ್ಮೆನಿಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ದನಿ ಮರೆತು ಮಾತು ಮಾತ್ರ ಕೇಳತೊಡಗಿತು. ಕಾದು ಕಾದು ಲ್ಯಾಪ್‌ಟಾಪಿಗೆ ನಿದ್ದೆ ಬಂತು, ಪರದೆ ಕಪ್ಪಾಯಿತು, ಫ್ರಾನ್ಸ್ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಕಡೆಗೆ ಮಾಷ್ಟ್ರು ಬಹಳ ಮೆತ್ತಗೆ ಕೇಳಿದರು. "ಒಪ್ಪಿದೆ, ಪ್ರಭೂ. ಸಾರೋಟಿನ ಎಡಗಡೆಯ ಆ ಬಿಳಿ ಕುದುರೆಯ ಹೆಸರೇನು?"

ಅಣ್ಣಯ್ಯ ವಾದದ ಭರದಲ್ಲಿ ಥಟ್ಟನೆ ಒಂದು ಹೆಸರು ಹೇಳಿಬಿಟ್ಟ.

"ಸಿಕ್ಕಿದೆ!" ಮಾಷ್ಟ್ರು ಜಮಖಾನ ತಟ್ಟಿದರು. "ಕುದುರೆಯ ಹೆಸರು ತಿಳಿದ ದೊರೆ ಈ ದೇಶದಲ್ಲಿದ್ದಿದ್ದರೆ ಕ್ರಾಂತಿಯೇ ಆಗುತ್ತಿರಲಿಲ್ಲ. ನೀನು ಬಂಡಿಯವನು!"

ಅಣ್ಣಯ್ಯ ಸೋತ. ಎಲ್ಲರ ಎದುರು, ಮೈಕಿನಲ್ಲಿ, ಚೊಕ್ಕವಾಗಿ ಸೋತ. ಚಪ್ಪಾಳೆ ಮುಗಿಯುವಾಗ ಮುಂದಿನ ಸಾಲಿನವರಿಗೆ ಹೊಸ ಚಿಂತೆ ಹುಟ್ಟಿತು. ಇವನು ದೊರೆಯಲ್ಲವೆಂದು ಸಿದ್ಧವಾದರೆ ತಲೆ ಕಡಿಯುವುದು ಹೇಗೆ? "ಪ್ರಸಂಗದಂಗೇ ಹೋಯ್ಕ್," ಎಂದು ಗದ್ದಲವಾಯಿತು. ಮಾಷ್ಟ್ರು ತಾವೇ ಗೆದ್ದು ತಾವೇ ಸಿಕ್ಕಿಬಿದ್ದಿದ್ದರು. ನೀರು ಕುಡಿದು, ಯೋಚಿಸಿ, ಹೇಳಿದರು: "ನೀನು ದೊರೆಯಲ್ಲವೆಂದು ನಾನು ಬಲ್ಲೆ. ಆದರೆ ಹೊರಗೆ ನೆರೆದ ಜನರಿಗೆ ಇವತ್ತು ಒಬ್ಬ ದೊರೆ ಬೇಕು. ರೇಷ್ಮೆ ನಿನ್ನ ಮೈಮೇಲಿದೆ. ನಡೆ."

ಹಾಳೆಗಟ್ಟಲೆ ನಾನು ಬರೆದು ತಂದದ್ದೂ ಅದನ್ನೇ. ಏಜೆಂಟ್ ಲ್ಯಾಪ್‌ಟಾಪನ್ನು ಎಬ್ಬಿಸಿ ಉಳಿದ ಚಿತ್ರ ಓಡಿಸಿದ. ಬಂಡಿಯವನು ಸತ್ತ, ದೊರೆ ಸಾರೋಟು ಹೊಡೆದ. "ಈಗ ಮೇಡಂ ಅವರಿಂದ ವಿಮರ್ಶೆ" ಎಂದಾಗ ಜನ ಚಪ್ಪಲಿ ಹುಡುಕುತ್ತಿದ್ದರು. ನಾನು ಬಿಡಲಿಲ್ಲ. ಅಧಿಕಾರಕ್ಕೆ ಒಬ್ಬ ಶತ್ರು ಬೇಕು, ಆ ಶತ್ರು ಯಾರೆಂಬುದು ಅದಕ್ಕೆ ಮುಖ್ಯವಲ್ಲ, ಬಂಡಿಯವನು ದೊರೆಯಾಗುವ ಆಸೆಗೆ ಬಲಿಯಾದ ಮನುಷ್ಯ ಎಂದು ಖಾಲಿ ಕುರ್ಚಿಗಳಿಗೆ ಓದಿದೆ. ಕೇಳಿದವನು ಅಣ್ಣಯ್ಯನೊಬ್ಬ. ಅವನು ಉದ್ದಕ್ಕೂ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದ. ಮಾಷ್ಟ್ರು ಬಾಗಿಲಲ್ಲಿ ಕಾದಿದ್ದರು. ಅಣ್ಣಯ್ಯ ಅವರ ಶಾಲಿನ ಮೇಲಿದ್ದ ಗೋಳಿಬಜೆಯ ಚೂರನ್ನು ಕೊಡವಿ ಹೊರಟ.

ಬೈಂದೂರು ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಅತ್ತಿಗೆಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಹೆಮ್ಮಾಡಿ ದಾಟುವಾಗ ಪಕ್ಕದಿಂದ ಝೇಂಕಾರ ಎದ್ದಿತು.

"ನೀ ಹೇಳಿದ್ದ್ ತಪ್ಪ್."

ಕಂಡಕ್ಟರ್ ಯಾರ ಮೊಬೈಲೆಂದು ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ. "ಎಂತ ತಪ್ಪ್?" ಅಂದೆ.

"ಅವ ದೊರೆ ಆಯ್ಕಂತ ಸತ್ತದ್ದಲ್ಲ, ಮಾರಾಯ್ತಿ. ಜನ್ಮ ಇಡೀ ಕುದ್ರಿ ಹತ್ರ ಬಿಟ್ರೆ ಯಾರ್ ಹತ್ರವೂ ಮಾತಾಡ್ದವ ಅಲ್ಲ. ಸಭೆ ಎದ್ರಿಗೆ ಒಂದ್ಸಲ ಮಾತಾಡ್ಕಂತ ಇತ್ತ್. ಅದ್ಕೇ ಸತ್ತ."

"ಹೌದ್ ಅಣ್ಣಯ್ಯ" ಎಂಬುದು ಅಭ್ಯಾಸವಾಗಿ ನನ್ನ ನಾಲಗೆಯ ತುದಿಗೆ ಬಂತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ಹೌದಿಗೆ ಹೆದರುತ್ತಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದಿನ ನುಂಗಿಕೊಂಡ ಸಿಟ್ಟೆಲ್ಲ ಸೇರಿಕೊಂಡು ಬಂತು. ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಹೇಳಿದೆ.

"ಎಂತ ಹೇಳ್ತೆ ನೀ? ಅವ ಮಾತಾಡಿದ್ದೇ ಇಲ್ಲ, ಅಣ್ಣಯ್ಯ! ಅದ್ ಮೂಕಿ ಚಿತ್ರ. ಮಾತಾಡಿದ್ದ್ ನೀ."

ತ್ರಾಸಿ ದಾಟಿ ಮರವಂತೆ ಬಂತು. ಬಸ್ಸಿನ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಸಮುದ್ರ. ಅಣ್ಣಯ್ಯ ಕಿಟಕಿಯ ಹೊರಗೆ ನೋಡಿದ. ಅವನ ಕಣ್ಣು ತುಂಬಿತ್ತು, ನನ್ನದೂ. ಸಮುದ್ರ ಹಿಂದೆ ಬೀಳುವಾಗ ಕಣ್ಣೊರಸಿಕೊಂಡು, ಯಂತ್ರವನ್ನು ಕುತ್ತಿಗೆಗೆ ಒತ್ತಿದ.

"ಅದೂ ತಪ್ಪ್," ಅಂದ.